‘ಹೋಗ್ಯಾನ’ ತಿದ್ದಿದರೆ ಹಾಡು ಕುಂಟುತ್ತದೆ: ‘ಶುದ್ಧ ಉಚ್ಚಾರ’ದ ಬಗ್ಗೆ ಛಂದಸ್ಸು ಏನು ಹೇಳುತ್ತೆ?

ಒಮ್ಮೆ ನಾನೇ ಬರೆದ ಸ್ಕ್ರಿಪ್ಟಿಗೆ ನಾನೇ ದನಿ ಕೊಡಬೇಕಾಗಿ ಬಂತು. ನಮ್ಮ ಬೀದರ್ ಕಡೆಯ ತೊಗರಿ ಬೆಳೆಗಾರರ ಬಗ್ಗೆ ಒಂದು ವಿಡಿಯೋ. ರೆಕಾರ್ಡಿಂಗ್ ಮುಗಿದ ಮೇಲೆ ಗಾಜಿನ ಆಚೆ ಕೂತಿದ್ದವರು ಹೆಡ್‌ಫೋನ್ ತೆಗೆದು, “ಎಲ್ಲಾ ಚೆನ್ನಾಗಿ ಬಂದಿದೆ. ಆದ್ರೆ ಎರಡು ಕಡೆ ಮನಿ ಅಂದಿದೀರ. ಅದನ್ನ ಸರಿ ಮಾಡ್ಕೊಂಡು ಇನ್ನೊಂದ್ ಸಲ ಓದಿಬಿಡಿ” ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ಜಗಳ ಮಾಡಲಿಲ್ಲ. ‘ಮನೆ’ ಅಂತ ಓದಿದೆ, ಚೆಕ್ ಬಂತು, ಮುಗೀತು.

ಆದರೆ ಆ ‘ಸರಿ’ ಅನ್ನೋ ಪದ ತಲೆಯಿಂದ ಹೋಗಲಿಲ್ಲ. ಸರಿ ಅಂದ್ರೆ ಯಾವ ಊರಿಗೆ ಸರಿ? ಯಾವ ಶತಮಾನಕ್ಕೆ ಸರಿ? ಭಾತಂಬ್ರಾದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದ ದಿನದಿಂದ ನನ್ನ ಬಾಯಿಗೆ ತಿದ್ದುಪಡಿ ನಡೀತಾನೇ ಇದೆ. ‘ಏನ್ ಮಾಡ್ಲತ್ತಿ’ ಅಂದ್ರೆ ನಗು, ‘ಬಂದಾನ’ ಅಂದ್ರೆ ನಗು. ನಗುವವರೂ ಕನ್ನಡದವರೇ. ಅವರ ಊರಿನ ಬಾಯಿಗೆ ಇನ್ನೊಬ್ಬರು ನಗ್ತಾರೆ ಅನ್ನೋದು ಬೇರೆ ಮಾತು.

ಇದಕ್ಕೆ ಉತ್ತರ ಸಿಕ್ಕಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ. ಹೈಸ್ಕೂಲಿನಲ್ಲಿ ಎರಡು ಮಾರ್ಕಿಗೆ ಗುರು-ಲಘು ಹಾಕಿ ಮರೆತಿದ್ದ ಛಂದಸ್ಸಿನಲ್ಲಿ.

ಅಜ್ಜಿಯ ಹಾಡು, ನನ್ನ ಎಡಿಟಿಂಗ್

ನಮ್ಮಜ್ಜಿಗೆ ಬೀಸುವ ಕಲ್ಲಿನ ಹಾಡುಗಳು ಗೊತ್ತು. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಯ್ತು, ಕಲ್ಲು ಹಿತ್ತಲ ಗೋಡೆಗೆ ಆನಿಸಿಕೊಂಡು ಕೂತಿದೆ. ಹಾಡು ಮಾತ್ರ ಅವಳ ನಾಲಿಗೆ ಮೇಲಿದೆ. ಒಂದು ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ಹತ್ತಾರು ಹಾಡು ರೆಕಾರ್ಡ್ ಮಾಡಿಕೊಂಡು ಬಂದು ಟೈಪ್ ಮಾಡತೊಡಗಿದೆ. ಓದುವವರಿಗೆ ಅರ್ಥವಾಗಲಿ ಅಂತ ಒಂದೆರಡು ಪದ ‘ಸರಿ’ ಮಾಡಿದೆ. ಅಜ್ಜಿ ‘ಹೋಗ್ಯಾನ’ ಅಂದಿದ್ದ ಕಡೆ ‘ಹೋಗಿದ್ದಾನೆ’, ‘ಬಂದಾನ’ ಅಂದಿದ್ದ ಕಡೆ ‘ಬಂದಿದ್ದಾನೆ’. ಸ್ಟುಡಿಯೋದಲ್ಲಿ ನನಗೆ ಮಾಡಿದ್ದನ್ನೇ ನಾನು ಅಜ್ಜಿಗೆ ಮಾಡಿದ್ದೆ, ಆಗ ಹೊಳೆಯಲಿಲ್ಲ.

ಆಮೇಲೆ ಅದನ್ನೇ ಗಟ್ಟಿಯಾಗಿ ಓದಿದರೆ ಸಾಲು ಕೂರಲೇ ಇಲ್ಲ. ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಮುಗಿಯಬೇಕಾದ ಮಾತು ಇನ್ನರ್ಧ ಸುತ್ತು ಎಳೆಯುತ್ತಿತ್ತು. ಯಾಕೆ ಅಂತ ಲೆಕ್ಕ ಹಾಕಿದೆ.

ಲೆಕ್ಕ ಬಹಳ ಸರಳ. ಗಿಡ್ಡ ಅಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ 2 ಮಾತ್ರೆ. ಮುಂದೆ ಒತ್ತಕ್ಷರ ಬಂದರೆ, ಅಥವಾ ಅಕ್ಷರಕ್ಕೆ ಸೊನ್ನೆ ಅಂಟಿಕೊಂಡಿದ್ದರೆ, ಗಿಡ್ಡದ್ದೂ ಗುರುವಾಗುತ್ತದೆ. ಊರಿನ ಹೆಸರುಗಳ ಮೇಲೇ ಪ್ರಯೋಗಿಸಿ ನೋಡಿ. ಭಾಲ್ಕಿ 3 ಮಾತ್ರೆ. ಔರಾದ 5. ಭಾತಂಬ್ರಾ ಮೂರೂ ಗುರು, 6 ಮಾತ್ರೆ. ಬರೆಯುವ ‘ಬೆಂಗಳೂರು’ 6, ಆದರೆ ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ‘ಬೆಂಗ್ಳೂರು’ 5.

ಈಗ ಅಜ್ಜಿಯ ಪದ. ಹೋ-ಗ್ಯಾ-ನ: 2+2+1, ಒಟ್ಟು 5. ನಾನು ತಿದ್ದಿದ್ದು ಹೋ-ಗಿ-ದ್ದಾ-ನೆ: 2+2+2+1, ಒಟ್ಟು 7. ಬಂದಾನ 5, ಬಂದಿದ್ದಾನೆ 7.

ಬೀಸುವ ಹಾಡಿನ ಛಂದಸ್ಸು ತ್ರಿಪದಿ. ಮೂರು ಸಾಲು, ಒಟ್ಟು 11 ಗಣ: 4, 4, 3. ಆರನೆಯದು ಮತ್ತು ಹತ್ತನೆಯದು ಚಿಕ್ಕದು, ಬ್ರಹ್ಮಗಣ ಅಂತಾರೆ. ಉಳಿದವೆಲ್ಲ ವಿಷ್ಣುಗಣ. ಇಲ್ಲಿ ಎಣಿಕೆ ಮಾತ್ರೆಯದ್ದಲ್ಲ, ‘ಅಂಶ’ದ್ದು: ಬ್ರಹ್ಮಕ್ಕೆ 2 ಅಂಶ, ವಿಷ್ಣುವಿಗೆ 3, ರುದ್ರಕ್ಕೆ 4. ಒಂದು ಅಂಶ ಗುರುವಾದರೂ ಆಗಬಹುದು, ಲಘುವಾದರೂ ಆಗಬಹುದು, ಗಣದ ಮೊದಲ ಅಂಶದಲ್ಲಿ ಎರಡು ಲಘು ಕೂಡ ಕೂರಬಹುದು. ಹಾಡುವವರಿಗೆ ಎಳೆಯೋಕೆ, ಕುಗ್ಗಿಸೋಕೆ ಅವಕಾಶ ಇರುವ, ರಬ್ಬರ್ ಥರದ ಲೆಕ್ಕ. ‘ಹೋಗ್ಯಾನ’ ಮೂರು ಅಂಶ, ವಿಷ್ಣುಗಣಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ಹೋಗಿದ್ದಾನೆ’ ನಾಲ್ಕು ಅಂಶ, ರುದ್ರಗಣ. ರಬ್ಬರ್ ಅಂದ ಮಾತ್ರಕ್ಕೆ ಎಷ್ಟಾದರೂ ಎಳೆಯೋಕಾಗಲ್ಲ. ನಾನು ತುಂಬಬಾರದ ಚೀಲಕ್ಕೆ ಒಂದು ಹಿಡಿ ಹೆಚ್ಚು ತುಂಬಿದ್ದೆ.

ಅಂದರೆ ಅಜ್ಜಿ ಹೇಳಿದ್ದು ಅಪಭ್ರಂಶ ಅಲ್ಲ, ಲೆಕ್ಕ. ತಪ್ಪಿದ್ದು ನಾನು.

ತ್ರಿಪದಿ ನಿನ್ನೆ ಮೊನ್ನೆಯದ್ದಲ್ಲ ಅನ್ನೋದನ್ನೂ ನೆನಪಿಡಿ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿವೆ, ಸುಮಾರು ಕ್ರಿ.ಶ. 700ರವು. ಬಂಡೆ ಮೇಲೆ ಕೊರೆದ ಅದೇ ಅಚ್ಚಿನಲ್ಲಿ, ಶಾಲೆ ಕಟ್ಟೆ ಹತ್ತದ ಹೆಂಗಸರು ಸಾವಿರದ ಮುನ್ನೂರು ವರ್ಷ ಆದ ಮೇಲೂ ಹಾಡು ಕಟ್ಟುತ್ತಿದ್ದಾರೆ.

ಛಂದಸ್ಸು ಅನ್ನೋದು ಚೆಕ್‌ಸಮ್

ಕಂಪ್ಯೂಟರ್ ಓದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಒಂದು ಫೈಲ್ ಕಳಿಸುವಾಗ ಜೊತೆಗೆ ಒಂದು ಸಂಖ್ಯೆಯನ್ನೂ ಕಳಿಸ್ತೀವಿ. ದಾರಿಯಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ತಾಳೆಯಾಗಲ್ಲ. ಅದು ಚೆಕ್‌ಸಮ್. ಪದ್ಯಕ್ಕೆ ಛಂದಸ್ಸು ಅದೇ ಕೆಲಸ ಮಾಡುತ್ತದೆ. ಕವಿ ಹೇಳಿದ್ದನ್ನು ನೂರು ಜನ ಓಲೆಗರಿಗೆ ನಕಲು ಮಾಡ್ತಾರೆ. ಪ್ರತಿಯೊಬ್ಬರೂ ತಿಳಿದೋ ತಿಳಿಯದೆಯೋ ತಮ್ಮ ಕಾಲದ ಉಚ್ಚಾರಕ್ಕೆ ಒಂದೊಂದು ಪದ ತಿರುಗಿಸ್ತಾರೆ. ಗದ್ಯದಲ್ಲಾದರೆ ಅದು ಗೊತ್ತೇ ಆಗಲ್ಲ. ಪದ್ಯದಲ್ಲಿ ಮಾತ್ರೆ ಹೆಚ್ಚುಕಡಿಮೆಯಾಗಿ ಸಾಲು ಕುಂಟುತ್ತದೆ. ಕುಂಟಿದ ಜಾಗದಲ್ಲಿ ಅಗೆದರೆ ಹಳೆಯ ದನಿ ಸಿಗುತ್ತದೆ.

ಇಂಗ್ಲಿಷ್‌ನಲ್ಲಿ ಹೀಗೇ ಆಯಿತು. 1400ರಲ್ಲಿ ತೀರಿಕೊಂಡ ಚಾಸರ್ ದೊಡ್ಡ ಕವಿ ಅಂತ ಎಲ್ಲರೂ ಒಪ್ಪಿದ್ದರು, ಆದರೆ ಅವನಿಗೆ ಛಂದಸ್ಸು ಸರಿಯಾಗಿ ಬರ್ತಿರಲಿಲ್ಲ ಅನ್ನೋ ಅಭಿಪ್ರಾಯ ಬಹುಕಾಲ ಇತ್ತು. 1700ರಲ್ಲಿ ಡ್ರೈಡನ್‌ನಂಥ ಕವಿಯೇ, ಪಾಪ ಆ ಕಾಲಕ್ಕೆ ಅಷ್ಟೇ ಆಗಿತ್ತು, ಸಾಲುಗಳು ಅರ್ಧ ಗಣ, ಒಮ್ಮೊಮ್ಮೆ ಒಂದು ಗಣವೇ ಕಡಿಮೆ ಬೀಳ್ತವೆ ಅಂತ ಬರೆದ. 1775ರಲ್ಲಿ ಥಾಮಸ್ ಟಿರ್‌ವಿಟ್ ಅನ್ನುವ ವಿದ್ವಾಂಸ ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ ಸಂಪಾದಿಸಿ ಪ್ರಕಟಿಸತೊಡಗಿದಾಗ ತೋರಿಸಿದ್ದು ಇಷ್ಟೇ: ಇವತ್ತು ಬರೆದೂ ಉಚ್ಚರಿಸದ ಪದದ ಕೊನೆಯ ‘ಇ’ ಅಕ್ಷರವನ್ನು ಚಾಸರ್ ಉಚ್ಚರಿಸುತ್ತಿದ್ದ. ಇವತ್ತಿನ ‘ನೇಮ್’ ಅವನ ಬಾಯಲ್ಲಿ ‘ನಾಮೆ’, ಒಂದಲ್ಲ ಎರಡು ಅಕ್ಷರ. ಹಾಗೆ ಓದಿದರೆ ಸಾಲು ಕುಂಟಲ್ಲ. ಕುಂಟುತ್ತಿದ್ದದ್ದು ಓದುವವರ ಕಿವಿ.

ಗ್ರೀಕಿನ ಕಥೆ ಇನ್ನೂ ಸೋಜಿಗ. ಹೋಮರನ ಮಹಾಕಾವ್ಯಗಳಲ್ಲಿ ಕೆಲವು ಕಡೆ ಲೆಕ್ಕ ತಪ್ಪುತ್ತಿತ್ತು. 18ನೇ ಶತಮಾನದ ಶುರುವಿನಲ್ಲಿ ರಿಚರ್ಡ್ ಬೆಂಟ್ಲಿ ಅನ್ನುವವನು, ಅಲ್ಲೆಲ್ಲ ಹಿಂದೆ ‘ವ’ದಂಥ ಒಂದು ದನಿ ಇತ್ತು, ಬರಹಕ್ಕೆ ಇಳಿಯುವ ಹೊತ್ತಿಗೆ ಆ ಭಾಷೆಯಿಂದ ಅದು ಮಾಯವಾಗಿತ್ತು, ಛಂದಸ್ಸು ಮಾತ್ರ ಅದರ ಖಾಲಿ ಕುರ್ಚಿ ಕಾಯ್ದುಕೊಂಡು ಕೂತಿದೆ ಅಂತ ಗುರುತಿಸಿದ.

ಇದೆಲ್ಲ ಯುರೋಪಿನ ಬುದ್ಧಿ ಅಂದುಕೊಳ್ಳಬೇಡಿ. ದಿನಾ ಲಕ್ಷಾಂತರ ಜನ ಹೇಳುವ ಗಾಯತ್ರಿ ಮಂತ್ರವನ್ನೇ ತಗೊಳ್ಳಿ. ಗಾಯತ್ರಿ ಛಂದಸ್ಸಿಗೆ ಎಂಟೆಂಟು ಅಕ್ಷರದ ಮೂರು ಪಾದ, ಒಟ್ಟು 24. ಆದರೆ ಮೊದಲ ಪಾದವನ್ನು ಈಗ ಹೇಳುವಂತೆ ಎಣಿಸಿದರೆ ಏಳೇ ಅಕ್ಷರ. ‘ವರೇಣ್ಯಂ’ ಅನ್ನೋದನ್ನು ‘ವರೇಣಿಯಂ’ ಅಂತ ಬಿಡಿಸಿದರೆ ಎಂಟಾಗುತ್ತದೆ. ಹೀಗೆ ‘ಇಯ’ ಮುಂತಾದವನ್ನು ಸೇರಿಸಿ ಪಾದ ತುಂಬಿಸಬೇಕು ಅಂತ ಪಿಂಗಲನ ಛಂದಃಸೂತ್ರವೇ ಹೇಳುತ್ತದೆ. ಒಂದು ಅಕ್ಷರವೂ ಬದಲಾಗಿಲ್ಲ ಅಂತ ನಾವು ಎದೆ ತಟ್ಟಿಕೊಳ್ಳುವ ಪಠ್ಯದಲ್ಲೂ ಉಚ್ಚಾರ ಸರಿದಿದೆ. ಸರಿದದ್ದನ್ನು ಹಿಡಿದುಕೊಟ್ಟದ್ದು ಛಂದಸ್ಸು.

ಕನ್ನಡದ ಕಂದಪದ್ಯ ಏನನ್ನು ಬಚ್ಚಿಟ್ಟಿದೆ?

ಹಳಗನ್ನಡದವರ ಪ್ರೀತಿಯ ಛಂದಸ್ಸು ಕಂದ. ಇದು ತ್ರಿಪದಿಯಂತೆ ರಬ್ಬರ್ ಅಲ್ಲ, ತಕ್ಕಡಿ. ನಾಲ್ಕು ಮಾತ್ರೆಗೊಂದು ಗಣ. 1 ಮತ್ತು 3ನೇ ಸಾಲಿಗೆ ಮೂರು ಗಣ, 2 ಮತ್ತು 4ನೇ ಸಾಲಿಗೆ ಐದು. ಒಟ್ಟು 64 ಮಾತ್ರೆ. ಒಂದು ಮಾತ್ರೆ ಆಚೀಚೆ ಆದರೂ ಸಿಕ್ಕಿಬೀಳ್ತೀವಿ.

ಈ ತಕ್ಕಡಿ ಮೊದಲು ತೋರಿಸೋದು ಪದದ ಕೊನೆಯನ್ನು. ಹಳಗನ್ನಡದಲ್ಲಿ ಕಣ್, ಪಾಲ್, ಊರ್, ಬೇರ್ ಅಂತ ಪದಗಳು ವ್ಯಂಜನಕ್ಕೇ ನಿಲ್ಲುತ್ತಿದ್ದವು. ನಡುಗನ್ನಡಕ್ಕೆ ಬರುವಷ್ಟರಲ್ಲಿ ಕೊನೆಗೊಂದು ‘ಉ’ ಅಂಟಿಕೊಂಡು ಕಣ್ಣು, ಹಾಲು, ಊರು, ಬೇರು ಆದವು. ‘ಊರ್’ ಮುಂದೆ ವ್ಯಂಜನ ಬಂದರೆ 2 ಮಾತ್ರೆ. ‘ಊರು’ 3. ಹತ್ತನೇ ಶತಮಾನದ ಪಂಪನ ಪದ್ಯವನ್ನು ಇವತ್ತಿನ ‘ಶುದ್ಧ’ ಕನ್ನಡಕ್ಕೆ ತಿದ್ದಿದರೆ ಪ್ರತಿ ಸಾಲೂ ಒಡೆಯುತ್ತದೆ, ನಾನು ಅಜ್ಜಿಯ ಹಾಡು ಒಡೆದ ಹಾಗೆ.

ಎರಡನೆಯದು ಶಿಥಿಲದ್ವಿತ್ವ. ಹೆಸರು ಕೇಳಿ ಹೆದರಬೇಡಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗಬೇಕು ಅಂತ ನಿಯಮ ಅಂದೆನಲ್ಲ, ಕನ್ನಡದ ಕೆಲವು ಪದಗಳಲ್ಲಿ ಅದು ಆಗದೆ ಇರಬಹುದು. ‘ಅಮರ್ದು’ ಅನ್ನೋದನ್ನು ನಿಯಮದಂತೆ ಎಣಿಸಿದರೆ 1+2+1, ನಾಲ್ಕು. ಆದರೆ ಕವಿಗಳು ಅದನ್ನು ಮೂರಕ್ಕೂ ಕೂರಿಸಿದ್ದಾರೆ. ‘ಬೆಮರ್ದು’, ‘ಅಗಲ್ದು’ ಕೂಡ ಹೀಗೇ. ಅಂದರೆ ಅಲ್ಲಿ ನಾಲಿಗೆ ‘ರ್’ ಅಥವಾ ‘ಲ್’ ಮೇಲೆ ಊರದೆ ತೇಲಿ ಹೋಗುತ್ತಿತ್ತು. ಸಾವಿರ ವರ್ಷದ ಹಿಂದೆ ಒಬ್ಬರ ಬಾಯೊಳಗೆ ನಾಲಿಗೆ ಎಷ್ಟು ಹಗುರವಾಗಿ ಆಡಿತು ಅನ್ನೋದು ಯಾವ ಶಾಸನದ ಅಕ್ಷರ ನೋಡಿದರೂ ಗೊತ್ತಾಗಲ್ಲ. ಮಾತ್ರೆಯ ಲೆಕ್ಕದಲ್ಲಿ ಗೊತ್ತಾಗುತ್ತೆ. ಸಂಸ್ಕೃತದ ನಿಯಮಕ್ಕೆ ಕನ್ನಡದ ಬಾಯಿ ಬಗ್ಗಲಿಲ್ಲ, ವ್ಯಾಕರಣಕಾರರೇ ನಿಯಮ ಸಡಿಲ ಮಾಡಿದರು.

ಮೂರನೆಯದು ಪ್ರಾಸ. ಇಂಗ್ಲಿಷ್‌ನಂತೆ ನಮ್ಮ ಹಳೆಯ ಪ್ರಾಸ ಸಾಲಿನ ಕೊನೆಯಲ್ಲಿರಲ್ಲ, ಶುರುವಿನಲ್ಲಿರುತ್ತೆ. ಎಲ್ಲಾ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಈ ಕಟ್ಟುನಿಟ್ಟಿನಿಂದಾಗಿ, ಈಗ ನಾವು ಕಳೆದುಕೊಂಡಿರುವ ಒಂದು ದನಿಯ ವಿಳಾಸ ಪಕ್ಕಾ ಸಿಗುತ್ತದೆ. ಅದು ೞ. ತಮಿಳರು ‘ತಮಿೞ್’ ಅನ್ನುವಾಗ, ಮಲಯಾಳಿಗಳು ‘ಕೋೞಿಕ್ಕೋಡ್’ ಅನ್ನುವಾಗ ನಾಲಿಗೆ ಹಿಂದಕ್ಕೆ ಮಡಚಿ ಹೊರಡಿಸುವ ದನಿ. ನಮ್ಮಲ್ಲೂ ಇತ್ತು. ಮಳೆ ಆಗ ಮೞೆ, ಕೋಳಿ ಕೋೞಿ, ಏಳು ಏೞ್. ‘ಬಾಳ್’ ಅಂದರೆ ಕತ್ತಿ, ‘ಬಾೞ್’ ಅಂದರೆ ಬದುಕು. ‘ಆಳ್’ ಅಂದರೆ ಆಳ್ವಿಕೆ ಮಾಡು, ‘ಆೞ್’ ಅಂದರೆ ಮುಳುಗು. ಹಳೆಯ ಕವಿಗಳು ೞ ಇರುವ ಸಾಲಿಗೆ ಳ ಇರುವ ಸಾಲನ್ನು ಪ್ರಾಸ ಕಟ್ಟುತ್ತಿರಲಿಲ್ಲ. ಕಿವಿಗೆ ಬೇರೆ ಕೇಳುತ್ತಿತ್ತು, ಅದಕ್ಕೆ.

ಆಮೇಲೆ ಏನಾಯ್ತು? ಹೆಚ್ಚಿನ ಕಡೆ ೞ ಹೋಗಿ ಳ ಆಯಿತು. ವ್ಯಂಜನದ ಹಿಂದೆ ಇದ್ದ ಕಡೆ ಅದರಲ್ಲೇ ಕರಗಿತು: ಕೞ್ತೆ ಹೋಗಿ ಕತ್ತೆ, ಗೞ್ದೆ ಹೋಗಿ ಗದ್ದೆ. 1260ರ ಸುಮಾರಿಗೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಯಾವ ಯಾವ ಪದದಲ್ಲಿ ೞ ಬರುತ್ತೆ ಅಂತ ಪಟ್ಟಿಯನ್ನೇ ಕೊಡಬೇಕಾಯಿತು. ಎಲ್ಲರ ಬಾಯಲ್ಲೂ ಇರುವ ದನಿಗೆ ಯಾರೂ ಪಟ್ಟಿ ಮಾಡಲ್ಲ. ಪಟ್ಟಿ ಬಂತು ಅಂದರೆ ಕಿವಿ ಅದನ್ನು ಮರೆಯುತ್ತಿದೆ ಅಂತ ಅರ್ಥ. ಕೇಶಿರಾಜನ ಕಣ್ಣಲ್ಲಿ ಇವತ್ತಿನ ನಾವೆಲ್ಲರೂ, ಆ ಸ್ಟುಡಿಯೋದ ಗೆಳೆಯರೂ ಸೇರಿ, ‘ಮಳೆ’ ಅನ್ನೋದನ್ನೇ ತಪ್ಪು ಉಚ್ಚರಿಸ್ತಾ ಇದ್ದೀವಿ.

ಈ ಮರೆವು ಎಷ್ಟು ಆಳ ಅಂದರೆ, ಯೂನಿಕೋಡ್‌ನಲ್ಲಿ ೞ ಅಕ್ಷರಕ್ಕೆ ಅಧಿಕೃತವಾಗಿ ಇಟ್ಟ ಹೆಸರು ‘ಕನ್ನಡ ಲೆಟರ್ ಫಾ’! ಅದಕ್ಕೂ ‘ಫ’ಕ್ಕೂ ಏನೂ ಸಂಬಂಧವಿಲ್ಲ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡ್ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿ ಸುಮ್ಮನಾಗಿದ್ದಾರೆ. ತಪ್ಪೊಂದು ಮಾನಕವಾಗಿ ಕೂತುಬಿಡೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಇಷ್ಟೆಲ್ಲ ನಮಗೆ ಗೊತ್ತಾಗೋಕೆ ಹಲವರು ದುಡಿದಿದ್ದಾರೆ. ಹತ್ತನೇ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ ಬರೆದ, ಕನ್ನಡ ಛಂದಸ್ಸಿನ ಮೊದಲ ಪುಸ್ತಕ. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟೆಲ್ ಅದನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಮೂರು ವರ್ಷ ಮುಂಚೆ ಕೇಶಿರಾಜನ ವ್ಯಾಕರಣವನ್ನೂ ಪ್ರಕಟಿಸಿದ್ದ. ನಮಗೆಲ್ಲ ಗೊತ್ತಿರುವ ಅವನ ನಿಘಂಟು ಬಂದಿದ್ದು ಆಮೇಲೆ, 1894ರಲ್ಲಿ. ಪದಗಳನ್ನು ಪಟ್ಟಿ ಮಾಡುವ ಮೊದಲು ಅವು ಹೇಗೆ ಕೇಳಿಸುತ್ತಿದ್ದವು ಅಂತ ತಿಳಿಯೋಕೆ ಹೋದ ಮನುಷ್ಯ.

ಛಂದಸ್ಸಿಗೆ ಕೇಳಿಸದ್ದು

ಈಗ ನನ್ನ ‘ಮನಿ’ಗೆ ಬರೋಣ. ‘ಮನೆ’ ಎರಡು ಲಘು, 2 ಮಾತ್ರೆ. ‘ಮನಿ’ ಕೂಡ ಎರಡು ಲಘು, 2 ಮಾತ್ರೆ. ಪ್ರಾಸದಲ್ಲೂ ವ್ಯಂಜನ ‘ನ’ ಅಷ್ಟೇ ಮುಖ್ಯ, ಅದರ ಮೇಲಿನ ಸ್ವರ ಎ ಆಗಲಿ ಇ ಆಗಲಿ ನಡೆಯುತ್ತೆ. ಛಂದಸ್ಸಿನ ಕಿವಿಗೆ ಮನೆ-ಮನಿ, ಎಲೆ-ಎಲಿ, ಹೊಳೆ-ಹೊಳಿ ಎಲ್ಲಾ ಒಂದೇ. ಪಂಪನ ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲ್ಲಾಡಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಇದರಿಂದ ‘ಮನಿ’ಯೇ ಹಳೆಯದು ಅಂತ ಸಾಬೀತಾಗಲ್ಲ. ನಮ್ಮ ಛಂದಸ್ಸು ಅಕ್ಷರದ ತೂಕವನ್ನು, ವ್ಯಂಜನವನ್ನು ಹಿಡಿದಿಡುತ್ತೆ, ಸ್ವರದ ಬಣ್ಣವನ್ನು ಬಿಟ್ಟುಬಿಡುತ್ತೆ. ಇಂಗ್ಲಿಷ್‌ನದ್ದು ಉಲ್ಟಾ. ಅವರ ಪ್ರಾಸ ಸಾಲಿನ ಕೊನೆಯ ಸ್ವರದ ಮೇಲೆ ನಿಂತಿದೆ, ಹಾಗಾಗಿ ಶೇಕ್ಸ್‌ಪಿಯರ್ ‘ಲವ್’ ಮತ್ತು ‘ಪ್ರೂವ್’ ಅನ್ನು ಜೋಡಿ ಮಾಡಿದ್ದರಿಂದ ಆ ಎರಡರ ಸ್ವರ ಆಗ ಒಂದಕ್ಕೊಂದು ಹತ್ತಿರ ಇತ್ತು ಅಂತ ಊಹಿಸಬಹುದು. ನಮಗೆ ಆ ಸೌಲಭ್ಯ ಇಲ್ಲ.

ಹಾಗೇ ‘ಪ’ ಹೋಗಿ ‘ಹ’ ಆದದ್ದನ್ನೂ ತಕ್ಕಡಿ ತೋರಿಸಲ್ಲ. ಅದನ್ನು ತಿಳಿಯೋಕೆ ಶಾಸನಗಳನ್ನೇ ನೋಡಬೇಕು. ಹತ್ತನೇ ಶತಮಾನದ ಆಸುಪಾಸಿನಿಂದ ಪದದ ಶುರುವಿನ ‘ಪ’ ಸಡಿಲವಾಗುತ್ತಾ ಬಂದು, ಕುಮಾರವ್ಯಾಸನ ಕಾಲಕ್ಕೆ ‘ಹ’ ಪೂರ್ತಿ ಗೆದ್ದಿತ್ತು. ಪಾಲ್ ಹೋಗಿ ಹಾಲು, ಪೂ ಹೋಗಿ ಹೂ. ಆಗಲೂ ಯಾರೋ ಒಬ್ಬ ಹಳೆ ಪಂಡಿತ ‘ಹಾಲು’ ಅಂದವನನ್ನು ನೋಡಿ ನಕ್ಕಿರಬೇಕು. ಈಗ ದಕ್ಷಿಣದ ಎಷ್ಟೋ ಹಳ್ಳಿಗಳಲ್ಲಿ ಆ ಹ ಕೂಡ ಉದುರಿ ‘ಆಲು’ ಆಗಿದೆ. ಆ ‘ಆಲು’ ಅಂದವರ ಜಾತಿ, ಕ್ಲಾಸು ಎಲ್ಲಾ ಸೇರಿಸಿ ಟ್ರೋಲ್ ಮಾಡ್ತೀವಿ. ಪಾಲ್, ಹಾಲು, ಆಲು ಒಂದೇ ದಾರಿಯ ಮೂರು ಮೈಲಿಗಲ್ಲು. ಎರಡನೇ ಕಲ್ಲಿನ ಮೇಲೆ ಕೂತವರು ಮೂರನೇ ಕಲ್ಲಿಗೆ ಹೋದವರನ್ನು ನೋಡಿ ದಾರಿ ತಪ್ಪಿದರು ಅಂತಿದ್ದಾರೆ.

ಛಂದಸ್ಸೇ ಇಲ್ಲದಿದ್ದರೆ? ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಹನ್ನೆರಡನೇ ಶತಮಾನದ ವಚನಗಳ ನೆಲ ಕಲ್ಯಾಣ, ಈಗಿನ ಬಸವಕಲ್ಯಾಣ. ವಚನಕಾರರು ಬೇಕೆಂದೇ ಗಣ-ಮಾತ್ರೆಯ ಹಂಗು ಬಿಟ್ಟವರು. ಆದರೆ ನಮಗೆ ಸಿಕ್ಕಿರುವ ಹಸ್ತಪ್ರತಿಗಳು ಬಹುತೇಕ 15ನೇ ಶತಮಾನ ಮತ್ತು ಆಮೇಲಿನವು. ನಡುವಿನ ಮುನ್ನೂರು ವರ್ಷದಲ್ಲಿ ನಕಲು ಮಾಡಿದವರು ಎಲ್ಲೆಲ್ಲಿ ತಮ್ಮ ಕಾಲದ ಉಚ್ಚಾರ ಸೇರಿಸಿದರು ಅಂತ ಹೇಳೋಕೆ ಅಲ್ಲಿ ಚೆಕ್‌ಸಮ್ ಇಲ್ಲ. ವಚನದ ಅರ್ಥ, ಕೆಚ್ಚು ನಮ್ಮ ತನಕ ಬಂದಿದೆ. ಅದನ್ನು ಮೊದಲು ಆಡಿದ ದನಿ ಅಷ್ಟೇ ಖಚಿತವಾಗಿ ಬಂದಿಲ್ಲ.

ಕನ್ನಡ ಅಲ್ಲ, ಕನ್ನಡಗಳು

ಸುಮಾರು 850ರಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ. ಆ ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ನಮ್ಮ ಪಕ್ಕದ ಊರು ಅಂತಲೇ ಹೇಳಬಹುದು. ಕನ್ನಡನಾಡು ಕಾವೇರಿಯಿಂದ ಗೋದಾವರಿ ತನಕ ಅಂತ ಹೇಳಿದ ಪುಸ್ತಕ ಅದೇ. ಆ ಲೆಕ್ಕದಲ್ಲಿ ಗೋದಾವರಿಗೆ ಸೇರುವ ಮಾಂಜ್ರಾ ಹರಿಯುವ ಬೀದರ್ ಸೀಮೆ ಕನ್ನಡದ ಒಳಗಿನ ಅಂಗಳ. ಅದೇ ಪುಸ್ತಕ ಇನ್ನೂ ಎರಡು ಮಾತು ಹೇಳುತ್ತದೆ. ಒಂದು, ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು. ಇನ್ನೊಂದು, ‘ಕನ್ನಡಂಗಳ್’ ಅಂತ ಬಹುವಚನ ಬಳಸಿ, ಇವುಗಳ ದೋಷ ಇಷ್ಟೇ ಅಂತ ಸಾವಿರ ಹೆಡೆಯ ಹಾವಿಗೂ ತಿಳಿಯಲಾರದು ಅಂತ ಕೈಚೆಲ್ಲುತ್ತದೆ. ಹಾಗಂತ ಶ್ರೀವಿಜಯ ಎಲ್ಲವನ್ನೂ ಸಮ ಅಂದವನಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದ್ದೇ ಕನ್ನಡದ ತಿರುಳು ಅಂತ ಗೆರೆ ಎಳೆದವನೂ ಅವನೇ. ಮಾನಕ ಅನ್ನೋದು ಆಗಲೂ ಇತ್ತು. ಆದರೆ ಗಮನಿಸಿ, ಆ ಗೆರೆಯೊಳಗೆ ಬೆಂಗಳೂರೂ ಇಲ್ಲ, ಮೈಸೂರೂ ಇಲ್ಲ. ಗೆರೆ ಸರಿದಿದೆ, ಅಧಿಕಾರ ಸರಿದ ಕಡೆಗೆ.

ಬೀದರಿನವರಿಗೆ ಈ ಸರಿಯುವಿಕೆ ಚೆನ್ನಾಗಿ ಗೊತ್ತು. ನಿಜಾಮರ ಕಾಲದಲ್ಲಿ ಆಡಳಿತ, ಶಾಲೆ ಎಲ್ಲಾ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಜಿಲ್ಲೆಯ ಉದಗೀರ್ ಕಡೆಯ ಭಾಗ ಮರಾಠಿ ಸೀಮೆಗೆ, ಜಹೀರಾಬಾದ್ ಕಡೆಯ ಭಾಗ ತೆಲುಗು ಸೀಮೆಗೆ ಹೋಯಿತು. ಉಳಿದ ನಾವು ಮರಾಠಿ, ದಖ್ಖನಿ, ತೆಲುಗು ಮೂರನ್ನೂ ಕಿವಿಯಲ್ಲಿಟ್ಟುಕೊಂಡೇ ಕನ್ನಡ ಮಾತಾಡಿದೆವು. ಬೋರ್ಡಿನ ಹಿಂದೆ ಬಚ್ಚಿಟ್ಟುಕೊಂಡು ಉಳಿಸಿಕೊಂಡ ಆ ಭಾಷೆಗೇ ಈಗ ರಾಜಧಾನಿಯಲ್ಲಿ ‘ಇದು ಕನ್ನಡಾನಾ?’ ಅಂತ ಕೇಳ್ತಾರೆ.

ನಮ್ಮ ಕಡೆಯವರಿಗೂ ಒಂದು ಕಿವಿಮಾತು. ‘ನಮ್ಮದೇ ಅಸಲಿ ಹಳಗನ್ನಡ’ ಅನ್ನುವ ವಾಟ್ಸಾಪ್ ಹೆಮ್ಮೆ ಕೂಡ ಸುಳ್ಳೇ. ನಾವು ‘ಊರ್ ಬಿಟ್ಟ’ ಅನ್ನುವಾಗ ಪಂಪನ ‘ಊರ್’ ಕಾಪಾಡಿಕೊಂಡಿಲ್ಲ. ನಡುವೆ ಅಂಟಿದ್ದ ‘ಉ’ ಮತ್ತೆ ಉದುರಿದೆ ಅಷ್ಟೇ, ಮೈಸೂರಿನವರ ಮಾತಲ್ಲೂ ಅದು ಉದುರುತ್ತದೆ. ಯಾವ ಕನ್ನಡವೂ ಹಳತಿನ ಫ್ರಿಜ್‌ನಲ್ಲಿ ಕೂತಿಲ್ಲ.

ಶಾಲೆಗೆ, ಪರೀಕ್ಷೆಗೆ, ಕಾನೂನಿಗೆ ಒಂದು ಮಾನಕ ಬರಹ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ, ಈ ಲೇಖನವನ್ನೂ ಹೆಚ್ಚುಕಡಿಮೆ ಅದರಲ್ಲೇ ಬರೆದಿದ್ದೇನೆ. ತಕರಾರು ಇರೋದು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದವನ್ನು ಯೋಗ್ಯತೆಯ ಸರ್ಟಿಫಿಕೇಟ್ ಮಾಡುವುದಕ್ಕೆ. ಇಂಟರ್‌ವ್ಯೂನಲ್ಲಿ, ಕ್ಲಾಸಿನಲ್ಲಿ, ಮೈಕಿನ ಮುಂದೆ ಒಬ್ಬರ ಬಾಯಿ ಮುಚ್ಚಿಸೋಕೆ ‘ಶುದ್ಧ’ ಅನ್ನುವ ಒಂದೇ ಪದ ಸಾಕಾಗುತ್ತೆ. ಆ ಶುದ್ಧದ ಪ್ರತಿ ಇಟ್ಟಿಗೆಯೂ ಹಿಂದಿನವರು ‘ತಪ್ಪು’ ಅಂದಿರಬಹುದಾದ ಉಚ್ಚಾರದಿಂದ ಆಗಿದೆ ಅನ್ನೋದು ಮರೆತುಹೋಗಿರುತ್ತೆ.

ಕೊನೆಗೊಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಅಜ್ಜಿ, ದೊಡ್ಡಮ್ಮ ಇದ್ದರೆ ಈ ರಜೆಯಲ್ಲೇ ಫೋನ್ ತೆಗೆದು ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಳ್ಳುವಾಗ ಅವರು ಅಂದಂತೆಯೇ ಬರೆಯಿರಿ, ‘ಹೋಗ್ಯಾನ’ ಅಂದರೆ ‘ಹೋಗ್ಯಾನ’. ಯಾರಿಗಾದರೂ ಅರ್ಥವಾಗಲ್ಲ ಅನ್ನಿಸಿದರೆ ಪಕ್ಕದಲ್ಲಿ ಅರ್ಥ ಬರೆಯಿರಿ, ಹಾಡನ್ನು ಮುಟ್ಟಬೇಡಿ. ನೂರು ವರ್ಷದ ಮೇಲೆ ಯಾರೋ ಗುರು-ಲಘು ಹಾಕಿ, ಭಾತಂಬ್ರಾದ ಹೆಂಗಸರು ಹೇಗೆ ಮಾತಾಡ್ತಿದ್ದರು ಅಂತ ಹುಡುಕುವಾಗ ಅವರ ಕೈಗೆ ಸಿಗೋದು ಅದೇ.

ನಾನು ತಿದ್ದಿದ್ದ ಫೈಲ್ ಡಿಲೀಟ್ ಮಾಡಿ, ಅಜ್ಜಿ ಹೇಳಿದಂತೆ ಮೊದಲಿನಿಂದ ಟೈಪ್ ಮಾಡಿದೆ. ಓದಿ ತೋರಿಸಿದಾಗ ಅವಳು ಒಂದೇ ತಪ್ಪು ಹಿಡಿದಳು. ಒಂದು ಕಡೆ ಗೊತ್ತಿಲ್ಲದೆ ‘ಮನೆ’ ಅಂತ ಓದಿದ್ದೆ.